ಹದಿನೇಳಕ್ಕೆ ಇಪ್ಪತ್ತು

ಜನರ ಹಲ್ಲು ಉದುರುತ್ತಿರುವವರೆಗೆ ಹಲ್ಲಿನಕ್ಕನಿಗೆ ಕೆಲಸಕ್ಕೆ ಬರವಿಲ್ಲ. ವೈದ್ಯರು ರೋಗಿಯ ದವಡೆಯ ಅಚ್ಚು ತೆಗೆದು ಕಳಿಸುತ್ತಾರೆ. ಇವಳು ಅದಕ್ಕೆ ಪ್ಲಾಸ್ಟರು ಸುರಿದು, ಮೇಣದಲ್ಲಿ ಒಸಡು ಮಾಡಿ, ಒಂದೊಂದೇ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು, ಡಬ್ಬಿಯಲ್ಲಿಟ್ಟು ವಾಪಸು ಕಳಿಸುತ್ತಾಳೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಬೀದಿಯಲ್ಲಿ ಯಾರಾದರೂ ಬಾಯ್ತುಂಬ ನಕ್ಕರೆ ಅವಳು ಮುಖ ನೋಡುವುದಿಲ್ಲ, ಮೇಲಿನ ಸಾಲು ಯಾರ ಕೈಕೆಲಸ ಎಂದು ನೋಡುತ್ತಾಳೆ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯಲ್ಲಿ ಎರಡನೆಯ ಅರ್ಧವನ್ನು ತಾನು ನೋಡಿಕೊಳ್ಳುತ್ತೇನೆ, ಮೊದಲನೆಯದನ್ನು ಸರ್ಕಾರ ನೋಡಿಕೊಳ್ಳಲಿ ಎನ್ನುವುದು ಅವಳ ಹಳೆಯ ತಮಾಷೆ.

ಮನೆಯಲ್ಲಿ ಮೂರೇ ಜನ. ಗಂಡ ಲಿಫ್ಟ್ ರಿಪೇರಿಯವನು. ಇಡೀ ದಿನ ಕತ್ತಲ ಬಾವಿಯಂಥ ಜಾಗದಲ್ಲಿ ನೇತಾಡಿ ಬರುವವನು, ಬೆನ್ನಿಗೆ ಒಂದು ಆನಿಕೆ ಸಿಕ್ಕರೆ ಸಾಕು, ನಿದ್ದೆ. ಅತ್ತೆಗೆ ಎರಡೂ ಕಿವಿ ಕೇಳುವುದಿಲ್ಲ. ಪಕ್ಕದಲ್ಲಿ ಪಟಾಕಿ ಹೊಡೆದರೆ "ಯಾರೋ ಕರೆದ ಹಾಗಾಯ್ತಲ್ಲ" ಎನ್ನುವವರು. ಇಂಥ ಇಬ್ಬರನ್ನು ಕಟ್ಟಿಕೊಂಡು ಹಲ್ಲಿನಕ್ಕ ಸಂಗೀತದ ಹುಚ್ಚು ಹಚ್ಚಿಸಿಕೊಂಡಳು ಎಂದರೆ, ಅದಕ್ಕೇ ಒಂದು ಧೈರ್ಯ ಬೇಕು.

ಹುಚ್ಚು ಹಿಡಿದದ್ದು ಹತ್ತು ವರ್ಷದ ಹಿಂದೆ, ಒಂದು ಶನಿವಾರ ಸಂಜೆ. ಕೆಲಸ ಮುಗಿಸಿ ಬಸ್ಸಿಗೆ ನಿಂತಿದ್ದಳು. ಎದುರಿನ ಕಾಗದದ ಗೋಡೌನಿನ ಎರಡನೆಯ ಮಹಡಿಯಿಂದ ಒಂದು ದನಿ ಬಂತು. ಹೆಣ್ಣು ದನಿ, ಸ್ವಲ್ಪ ಒರಟು, ಜ್ವರದಿಂದ ಈಗಷ್ಟೇ ಎದ್ದವರ ಹಾಗೆ. ಬಸ್ಸು ಬಂತು, ಹೋಯಿತು. ಇವಳು ರಸ್ತೆ ದಾಟಿ ಹಿಂದಿನ ಮೆಟ್ಟಿಲು ಹತ್ತಿದಳು. ಮೇಲೆ ಒಂದು ಉದ್ದನೆಯ ಕೋಣೆ, ಮಡಚುವ ಕುರ್ಚಿಗಳು, ಎರಡು ಬಲ್ಬು, ನಾಲ್ಕು ಜನರ ಒಂದು ತಂಡ. ಹಿಂದಿನ ಮೆಟ್ಟಿಲಿನಿಂದಲೇ ಬರಬೇಕಾದ್ದರಿಂದ ತಂಡಕ್ಕೆ 'ಹಿಂಬಾಗಿಲು' ಎಂದೇ ಹೆಸರು. ಕೇಳುವವರು ಇವಳೂ ಸೇರಿ ಹನ್ನೊಂದು ಮಂದಿ. ಅದರಲ್ಲಿ ಮೂವರು ಡ್ರಮ್ಮಿನವನ ಚಿಕ್ಕಪ್ಪನ ಮಕ್ಕಳು.

ಅವತ್ತು ಕಾರ್ಯಕ್ರಮ ಮುಗಿದ ಮೇಲೆ ಹಾಡುವವಳು ಕುರ್ಚಿ ಮಡಚುತ್ತಾ ಅತ್ತಳು. ಡ್ರಮ್ಮಿನವನಿಗೆ ರೋಷ ಬಂತು. "ಇನ್ಮೇಲೆ ಇಪ್ಪತ್ತು ತಲೆ ಆಗದೆ ಶುರು ಮಾಡಲ್ಲ. ಆಣೆ," ಎಂದ. ಅಲ್ಲೇ ನಿಂತಿದ್ದ ಹಲ್ಲಿನಕ್ಕ, ಯಾರೂ ಕೇಳದೆ, "ಎಣಿಸೋ ಕೆಲಸ ನನಗಿರಲಿ," ಎಂದುಬಿಟ್ಟಳು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಎಂದರೆ ಇದೇ.

ಅಲ್ಲಿಂದ ಒಂಬತ್ತು ವರ್ಷ, ಪ್ರತಿ ತಿಂಗಳ ಮೊದಲ ಶನಿವಾರ ಸಂಜೆ ಆರಕ್ಕೆ ಐದು ನಿಮಿಷ ಇರುವಾಗ ಅವಳು ಬಾಗಿಲಲ್ಲಿ ನಿಂತು ಬೆರಳು ಮಡಚಿ ತಲೆ ಎಣಿಸಿದಳು. ಇಪ್ಪತ್ತಾದರೆ ಹೆಬ್ಬೆರಳು ಎತ್ತಿ "ಇಪ್ಪತ್ತು!" ಎಂದು ಕೂಗಬೇಕು, ಡ್ರಮ್ಮಿನವನು ಕೋಲು ಎತ್ತಬೇಕು. ಗಂಡ, ಅತ್ತೆ ಕಾಯಂ ತಲೆಗಳು. ಗಂಡ ಕೊನೆಯ ಸಾಲಿನ ಗೋಡೆಗೆ ಒರಗಿ, ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಮೊದಲ ಹಾಡಿಗೇ ಗೊರಕೆ ಶುರು ಮಾಡುತ್ತಿದ್ದ. ಅತ್ತೆ ಮೊದಲ ಸಾಲಿನಲ್ಲಿ ಕೂತು ಚಪ್ಪಲಿ ಬಿಟ್ಟು ಅಂಗಾಲನ್ನು ನೆಲಕ್ಕೆ ಒತ್ತಿ ತಲೆದೂಗುತ್ತಿದ್ದರು. "ಕಾಲಲ್ಲಿ ಕೇಳುತ್ತೆ ಕಣೇ, ಧಬಧಬ ಅಂತ. ಚೆನ್ನಾಗಿರುತ್ತೆ," ಎನ್ನುವರು. ತಂಡದವರು ಅತ್ತೆಯನ್ನು ತಮ್ಮ ಅತಿ ದೊಡ್ಡ ಅಭಿಮಾನಿ ಎಂದು ತಿಳಿದು ಅವರ ಮುಖ ನೋಡಿಯೇ ಹಾಡುತ್ತಿದ್ದರು.

ಉಳಿದ ತಲೆಗಳನ್ನು ಹಲ್ಲಿನಕ್ಕ ಹುಟ್ಟಿಸಬೇಕಿತ್ತು. ಬಿರುಕು ಬಿಟ್ಟ ಹಲ್ಲಿನ ಸೆಟ್ಟನ್ನು ನೇರವಾಗಿ ಅವಳ ಕೈಗೇ ತಂದುಕೊಡುವ ಹಿರಿಯರು ಇದ್ದರಲ್ಲ, ಅವರಿಗೆ, "ಶನಿವಾರ ಸಂಜೆ ಗೋಡೌನಿನ ಮೇಲೆ ಬನ್ನಿ, ಅಲ್ಲೇ ಕೊಡ್ತೀನಿ," ಎನ್ನತೊಡಗಿದಳು. ಬಂದವರಿಗೆ ಎರಡನೆಯ ಹಾಡು ಮುಗಿದ ಮೇಲೆಯೇ ಹಲ್ಲು. ಹೀಗೆ ಬೊಚ್ಚುಬಾಯಿ ಮುಚ್ಚಿಕೊಂಡು ಸಿಟ್ಟಿನಿಂದ ಕೂತಿದ್ದ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರು ಮುಂದಿನ ತಿಂಗಳು ಹಲ್ಲು ಗಟ್ಟಿಯಾಗಿಯೇ ಇದ್ದರೂ ಬಂದರು. "ನನ್ನ ವಯಸ್ಸಿಗೆ ಇಂಥ ಗಲಾಟೆ ಬೇಕಿತ್ತಮ್ಮಾ," ಎಂದರು. ಅವರನ್ನು ಒಂದು ತಲೆ ಎಂದು ಎಣಿಸಿದಾಗ ಹಲ್ಲಿನಕ್ಕನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಗೋಡೌನಿನ ಮಾಲೀಕನದು ಒಂದು ಷರತ್ತಿತ್ತು. ಹಾಡು ಶುರುವಾದ ಕೂಡಲೇ ಕೆಳಗೆ ಮೆಟ್ಟಿಲಿನ ಬುಡದ ಷಟರು ಎಳೆದು ಒಳಗಿನಿಂದ ಚಿಲಕ ಹಾಕಬೇಕು, ಅಕ್ಕಪಕ್ಕದವರು ಬಂದು ಜಗಳ ಮಾಡಬಾರದು. ಆ ಷಟರು ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು, ಎಡಗಾಲಿನಲ್ಲಿ ಒದ್ದು ಬಲಗೈಯಲ್ಲಿ ಎಳೆಯುವ ಮರ್ಮ ಇವಳಿಗೊಬ್ಬಳಿಗೇ ಗೊತ್ತು. ಹಾಗಾಗಿ "ಇಪ್ಪತ್ತು!" ಎಂದವಳೇ ಎರಡು ಮಹಡಿ ಇಳಿಯುವಳು. ಷಟರಿನ ಜೊತೆ ಗುದ್ದಾಡಿ, ಎರಡು ಮಹಡಿ ಹತ್ತಿ, ಏದುಸಿರು ಬಿಡುತ್ತಾ ಒಳಗೆ ಬರುವ ಹೊತ್ತಿಗೆ ಮೊದಲ ಹಾಡು ಮುಗಿದಿರುತ್ತಿತ್ತು. ಕೊನೆಯ ಮೂರು ವರ್ಷ ಅವರು ಮೊದಲು ಹಾಡುತ್ತಿದ್ದದ್ದು 'ಬಾಗಿಲು ಹಾಕಬೇಡ ಇನ್ನೂ, ಬರುವವರೊಬ್ಬರು ಬಾಕಿ' ಎಂಬ ಹಾಡು. ಆ ಹಾಡು ಹಾಡುವಾಗಲೆಲ್ಲ ಇವಳು ಕೆಳಗೆ ಬಾಗಿಲು ಹಾಕುತ್ತಿದ್ದಳು. ಇವಳು ಒಳಗೆ ಬಂದರೆ ಕೂತವರೆಲ್ಲ ತಿರುಗಿ ನೋಡಿ ನಗುವರು. ತನ್ನ ಏದುಸಿರಿಗೆ ನಗುತ್ತಾರೆಂದು ಇವಳೂ ನಗುವಳು.

ಈಗ ಅವಳು ತಪ್ಪಿಸಿದ ಒಂದೇ ಒಂದು ಶನಿವಾರದ ಮಾತು ಹೇಳಲೇಬೇಕು. ಎರಡನೆಯ ವರ್ಷ ಅವಳ ತಾಯಿಗೆ ಕಣ್ಣಿನ ಆಪರೇಷನ್ ಇತ್ತು, ಹೋಗಲಾಗಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ಕೂತು ಆರು ಗಂಟೆಗೆ ಗಡಿಯಾರ ನೋಡಿದಳು, ಆರೂವರೆಗೆ ನೋಡಿದಳು. ಸೋಮವಾರ ಸುದ್ದಿ ಬಂತು: ಹದಿನಾರೇ ಜನ, ತಂಡ ಎಂಟರವರೆಗೆ ಕಾದು, ಒಂದು ಹಾಡೂ ಹಾಡದೆ ಸಾಮಾನು ಕಟ್ಟಿಕೊಂಡು ಹೋಯಿತು. ಹಾಡುವವಳು ಬೇರೆ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ ಎಂದೂ ಗೊತ್ತಾಯಿತು. ಮರುತಿಂಗಳು ಹಲ್ಲಿನಕ್ಕ ಬೀದಿಯೆಲ್ಲ ಅಲೆದರೂ ಹದಿನೇಳಕ್ಕಿಂತ ಹೆಚ್ಚು ತಲೆ ಸಿಗಲಿಲ್ಲ. ಬಾಗಿಲಲ್ಲಿ ನಿಂತಳು. ಬಲ್ಬಿನ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ನಾಲ್ವರೂ ಇವಳ ಕಡೆಯೇ ನೋಡುತ್ತಿದ್ದರು. ಆ ಬೆಳಕಿನಾಚೆ ಅವರಿಗೆ ಏನೂ ಕಾಣದು ಎಂದುಕೊಂಡಳು. ಹೆಬ್ಬೆರಳು ಎತ್ತಿ "ಇಪ್ಪತ್ತು!" ಎಂದಳು.

ಒಂದು ಸುಳ್ಳು ಹೇಳಿದವಳಿಗೆ ಎರಡನೆಯದು ಕಷ್ಟವೇ? ಹತ್ತೊಂಬತ್ತಕ್ಕೆ ಇಪ್ಪತ್ತು, ಹದಿನೆಂಟಕ್ಕೆ ಇಪ್ಪತ್ತು, ಬಸ್ಸು ಮುಷ್ಕರದ ದಿನ ಹದಿನಾಲ್ಕಕ್ಕೂ ಇಪ್ಪತ್ತು. ಆಣೆ ಮಾಡಿದವನು ಡ್ರಮ್ಮಿನವನು, ಮುರಿಸಿದವಳು ಇವಳು. ಆಮೇಲೆ ಅವಳು ಒಂದು ಶನಿವಾರವೂ ತಪ್ಪಿಸಲಿಲ್ಲ. ಜ್ವರ ಬಂದಾಗ ಹೋದಳು, ನಾದಿನಿಯ ಮಗಳ ಮದುವೆಯ ಊಟ ಬಿಟ್ಟು ಹೋದಳು. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ನಾದಿನಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ತಾನಿಲ್ಲದಿದ್ದರೆ ಆ ಸುಳ್ಳು ಹೇಳುವವರು ಯಾರು ಎಂಬ ಚಿಂತೆ ಇವಳಿಗೆ. ನಾದಿನಿಗೆ ಅದನ್ನು ಹೇಳುವ ಹಾಗೂ ಇರಲಿಲ್ಲ.

ಹೋದ ವರ್ಷ ಹಾಡು ಹಾರಿತು. ಯಾರೋ ಬಾಗಿಲಿನ ಹಾಡಿನ ಒಂದು ತುಣುಕನ್ನು ಫೋನಿನಲ್ಲಿ ಹಿಡಿದು ಹಾಕಿದರು. ಮೂರು ತಿಂಗಳಲ್ಲಿ ಅದು ಎಲ್ಲರ ಬಾಯಲ್ಲಿ. ಬಸ್ಸಿನಲ್ಲಿ ಅದೇ, ಕ್ಷೌರದಂಗಡಿಯಲ್ಲಿ ಅದೇ. ಒಂದು ಬೀಗದ ಕಂಪನಿ ಅದನ್ನು ಜಾಹೀರಾತಿಗೆ ಹಾಕಿಕೊಂಡಿತು. ಬಾಗಿಲು ಹಾಕಬೇಡ ಎನ್ನುವ ಹಾಡಿನಿಂದ ಬೀಗ ಮಾರುವ ಜಾಣರಿಗೆ ಏನೆನ್ನಬೇಕು! ಗೋಡೌನಿನ ಶನಿವಾರಗಳು ನಿಂತವು, ದೊಡ್ಡ ಸ್ಟುಡಿಯೋ, ದೊಡ್ಡ ಮೈದಾನ ಶುರುವಾದವು. ಹಲ್ಲಿನಕ್ಕ ಹಾಡಿನ ಮೊದಲ ಸ್ವರ ಕೇಳಿದರೆ ಸಾಕು, ರೇಡಿಯೋ ಆರಿಸುವಳು, ಬಸ್ಸಿನಲ್ಲಿ ಕಿವಿಗೆ ಬೆರಳಿಡುವಳು. ಹೊಟ್ಟೆಕಿಚ್ಚೇ? ಹೌದು, ಹೊಟ್ಟೆಕಿಚ್ಚೇ. ಒಂಬತ್ತು ವರ್ಷ ಅಂಗೈಯಲ್ಲಿ ಮುಚ್ಚಿಟ್ಟು ಕಾದ ದೀಪವನ್ನು ಯಾರೋ ಬೀದಿ ಕಂಬಕ್ಕೆ ಕಟ್ಟಿದ ಹಾಗಾಗಿತ್ತು ಅವಳಿಗೆ.

ಒಂದು ಬೆಳಿಗ್ಗೆ ಅವಳು ಮೇಣದ ಒಸಡಿನ ಮೇಲೆ ಕೋರೆಹಲ್ಲು ಕೂರಿಸುತ್ತಿದ್ದಾಗ ಅವಳು ಕೆಲಸ ಮಾಡುವ ಹಲ್ಲಿನ ಲ್ಯಾಬಿನ ಯಜಮಾನರು ಬಂದರು. ಒಂಬತ್ತು ವರ್ಷ ಪ್ರತಿ ತಿಂಗಳು ಕರೆದರೂ "ಹಾಡಂತೆ ಪಾಡಂತೆ" ಎಂದು ಮೂಗು ಮುರಿದವರು ಇವರೇ.

"ಏನಮ್ಮಾ, 'ಹಿಂಬಾಗಿಲು' ಅಂತ ಒಂದು ತಂಡ ಬಂದಿದೆ, ಕೇಳಿದ್ದೀಯಾ? ನಿನಗೆ ಹಾಡು ಅಂದ್ರೆ ಆಸೆ ಅಲ್ವಾ, ಕೇಳು. ಅವರ ಬಾಗಿಲಿನ ಹಾಡಲ್ಲಿ 'ನೀನೇ ನೀನೇ ನೀನೇ' ಅಂತ ಬರುತ್ತೆ ನೋಡು, ನನ್ನ ಹೆಂಡತಿಗೆ ದಿನಾ ಹಾಡಿ ತೋರಿಸ್ತೀನಿ."

ಕೋರೆಹಲ್ಲು ಸೊಟ್ಟಗೆ ಕೂತಿತು. ಹಲ್ಲಿನಕ್ಕ ಹಲ್ಲು ಕಚ್ಚಿ ಹಿಡಿದು, "ಕೇಳ್ತೀನಿ ಸರ್," ಎಂದಳು. ಗೆದ್ದೆತ್ತಿನ ಬಾಲ ಹಿಡಿಯುವವರು! ಇರಲಿ. ಆದರೆ ನೀನೇ ನೀನೇ ಎಲ್ಲಿಂದ ಬಂತು? ಬಾಗಿಲಿನ ಹಾಡಿನಲ್ಲಿ ಅಂಥದ್ದೇನನ್ನೂ ಅವಳು ಕೇಳಿರಲಿಲ್ಲ. ದುಡ್ಡಿನವರ ಮಾತು ಕೇಳಿ ಒಳ್ಳೆಯ ಹಾಡಿಗೆ ಪ್ರೇಮದ ಬಾಲ ಅಂಟಿಸಿದ್ದಾರೆ, ಅಂತೂ ಕೆಟ್ಟರು ಎಂದುಕೊಂಡಳು. ಅವತ್ತು ಮೂರು ಸೆಟ್ಟು ಹಾಳು ಮಾಡಿದಳು.

ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು. ಪತ್ರಿಕೆಗಳು ಬೇರೆ ಬರೆಯತೊಡಗಿದವು. 'ಇಪ್ಪತ್ತರ ಆಣೆ' ಎಂದು ದಪ್ಪಕ್ಷರದ ತಲೆಬರಹ. ಇಪ್ಪತ್ತು ಜನಕ್ಕಿಂತ ಕಡಿಮೆ ಇದ್ದಾಗ ಒಮ್ಮೆಯೂ ಹಾಡದ ಛಲದ ತಂಡ, ಮಾತಿಗೆ ತಪ್ಪದ ನಾಲ್ವರು! ಓದಿದ ಕೂಡಲೇ ಅವಳು ಪತ್ರಿಕೆ ಮಡಚಿ ಪ್ಲಾಸ್ಟರಿನ ಚೀಲದ ಕೆಳಗೆ ತುರುಕುವಳು. ಕಾಗದದ ಗೋಡೌನಿನಲ್ಲಿ ಹೇಳಿದ ಸುಳ್ಳು ಅಲ್ಲೇ ಇದ್ದಿದ್ದರೆ ಯಾರಿಗೆ ನಷ್ಟ? ಈಗ ಅದರ ಮೇಲೆ ಊರೇ ಮನೆ ಕಟ್ಟಿದೆ. ನಾಳೆ ಪೋಸ್ಟ್‌ಮಾಸ್ಟರೋ ಮತ್ತೊಬ್ಬರೋ, "ಅವತ್ತು ನಾವು ಹದಿನಾಲ್ಕೇ ಜನ ಇದ್ದೆವಲ್ಲ," ಎಂದರೆ ಸುಳ್ಳರೆನಿಸುವವರು ಅವರು. ಸುಳ್ಳು ಹೇಳಿದವಳು ಇಲ್ಲಿ ಹಲ್ಲು ಉಜ್ಜುತ್ತಾ ಕೂತಿರುತ್ತಾಳೆ.

ಹಾಗಿರುವಾಗ ಹಾಡುವವಳ ಫೋನು ಬಂತು. "ಅಕ್ಕಾ, ಈ ಮೊದಲನೇ ಶನಿವಾರ ನಮ್ಮೂರಲ್ಲೇ, ದೊಡ್ಡ ಮೈದಾನದಲ್ಲಿ. ಮೂರು ಪಾಸ್ ಕಳಿಸಿದ್ದೀನಿ. ಎಣಿಸೋಕೆ ನೀವು ಬರಲೇಬೇಕು." ನಕ್ಕು ಫೋನಿಟ್ಟಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಹಲ್ಲಿನಕ್ಕ ಆ 'ಎಣಿಸೋಕೆ' ಎಂಬ ಮಾತನ್ನು ಮೂರು ದಿನ ತಿರುವಿ ಹಾಕಿದಳು. ಗೊತ್ತಾಗಿಬಿಟ್ಟಿದೆ, ಎದುರಿಗೆ ಕೂರಿಸಿ ಕೇಳುತ್ತಾರೆ. ಹೋಗುವುದೇ ಬೇಡ ಎಂದು ತೀರ್ಮಾನಿಸಿದಳು.

ಶುಕ್ರವಾರ ಗಂಡನ ಮುಂದೆ ಎಲ್ಲವನ್ನೂ ಬಾಯಿಬಿಟ್ಟಳು. ಅವನು ಊಟದ ತಟ್ಟೆಯಿಂದ ತಲೆಯೆತ್ತದೆ ಕೇಳಿದ.

"ಅಷ್ಟೇನಾ? ಅಮ್ಮನಿಗೆ ಕಿವಿ ಕೇಳಲ್ಲ, ನಾನು ಎಚ್ಚರ ಇರಲ್ಲ. ಹಾಗೆ ನೋಡಿದ್ರೆ ನೀನು ಸರಿಯಾಗಿ ಹೇಳಿದ ಇಪ್ಪತ್ತೂ ಹದಿನೆಂಟೇ ಕಣೇ."

"ನಿಮಗೆ ಎಲ್ಲಾ ತಮಾಷೆ ರೀ. ನನ್ನಿಂದ ಅವರು ಸುಳ್ಳುಗಾರರಾದ್ರು."

"ನಿನ್ನಿಂದ ಅವರು ಹಾಡುಗಾರರಾದ್ರು. ಸಾರು ಹಾಕು."

ಆದರೂ ಅವಳ ಮನಸ್ಸು ಒಪ್ಪಲಿಲ್ಲ. ಒಪ್ಪಿಸಿದವರು ಅತ್ತೆ. ಶನಿವಾರ ಸಂಜೆ ನಾಲ್ಕೂವರೆಗೇ ತಲೆ ಬಾಚಿಕೊಂಡು, ಹಲ್ಲು ತೊಳೆದು ಹಾಕಿಕೊಂಡು, ಕೈಚೀಲ ಹಿಡಿದು ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದರು. ಗೋಡೌನಿನ ಶನಿವಾರಗಳು ನಿಂತ ಮೇಲೆ ಹತ್ತು ತಿಂಗಳಿಂದ ಅವರು ಬಾಯಿಬಿಟ್ಟು ಏನೂ ಕೇಳಿರಲಿಲ್ಲ. ಪಾಸು ಬಂದದ್ದನ್ನು ಕಣ್ಣಿನಲ್ಲೇ ಓದಿಕೊಂಡಿದ್ದರು.

"ಯಾಕೆ ಹಾಗೆ ನಿಂತಿದ್ದೀಯ? ಮೊದಲನೇ ಶನಿವಾರ ಅಲ್ವಾ? ನಾನು ಹೋಗದಿದ್ರೆ ಆ ಮಕ್ಕಳಿಗೆ ಒಂದು ತಲೆ ಕಡಿಮೆ ಆಗುತ್ತೆ," ಎಂದರು.

ಅವರಿಗೆ ಏನೆಂದು ಹೇಳುವುದು, ಅದನ್ನೂ ಕೂಗಿ? ಹಲ್ಲಿನಕ್ಕ ಚಪ್ಪಲಿ ಮೆಟ್ಟಿದಳು.

ಮೈದಾನದಲ್ಲಿ ಜನವೋ ಜನ. ಪಾಸಿನವರಿಗೆ ಮುಂದೆ, ಹಾಸಿದ ಹಲಗೆಗಳ ಮೇಲೆ ಕುರ್ಚಿ. ಆರಕ್ಕೆ ಐದು ನಿಮಿಷ. ಅವಳ ಬೆರಳುಗಳು ತಾವಾಗಿಯೇ ಮಡಚಿಕೊಳ್ಳತೊಡಗಿದವು. ಅರ್ಧ ಸಾಲಿಗೇ ಇಪ್ಪತ್ತು ಮುಗಿಯಿತು. ಮುನ್ನೂರರವರೆಗೆ ಎಣಿಸಿ, ಲೆಕ್ಕ ತಪ್ಪಿ, ಕೈಬಿಟ್ಟಳು. ವೇದಿಕೆಯ ಪಕ್ಕದ ಪರದೆಯಲ್ಲಿ ಹಾಡುವವಳ ಮುಖ ಎರಡಾಳೆತ್ತರ ಕಂಡಿತು. "ನಿನ್ನ ಹುಡುಗಿ ಇಷ್ಟು ದೊಡ್ಡವಳಾಗಿಬಿಟ್ಟಳಲ್ಲೇ," ಎಂದ ಗಂಡ. ಹಲ್ಲಿನಕ್ಕನ ಬಲಗೈ, ನಾಚಿಕೆಗೆಟ್ಟ ಕೈ, ಹೆಬ್ಬೆರಳು ಸಮೇತ ಅರ್ಧ ಮೇಲೆದ್ದಿತ್ತು. ಡ್ರಮ್ಮಿನವನು ಇತ್ತ ನೋಡಲೇ ಇಲ್ಲ. ಗಂಟೆ ನೋಡಿದ, ಕೋಲು ಎತ್ತಿದ, ಶುರು ಮಾಡಿಯೇ ಬಿಟ್ಟ.

ಅವಳ ಕಣ್ಣೆದುರೇ ಅವಳನ್ನು ಕೇಳದೆ ಶುರುವಾದ ಮೊದಲ ಹಾಡು ಅದು. ಒಂದು ಕ್ಷಣ ಕಪಾಳಕ್ಕೆ ಹೊಡೆದ ಹಾಗಾಯಿತು. ಏಳಲು ಹೋದಳು. ಅಭ್ಯಾಸ, ಷಟರು ಎಳೆಯಬೇಕಲ್ಲ! ಆಮೇಲೆ ನೆನಪಾಯಿತು, ಇಲ್ಲಿ ಷಟರಿಲ್ಲ. ಕೂತಳು. ಇಷ್ಟು ವರ್ಷದಲ್ಲಿ ಅವರ ಮೊದಲ ಹಾಡನ್ನು ಕೂತು ಕೇಳಿದ್ದು ಇದೇ ಮೊದಲು. ಅದೇ ದನಿ, ಅದೇ ಜ್ವರದ ಒರಟು, ಯಾರೂ ಅದನ್ನು ಉಜ್ಜಿ ಹೊಳಪು ಕೊಟ್ಟಿರಲಿಲ್ಲ. ಬಾಗಿಲು ಹಾಕಬೇಡ ಇನ್ನೂ ಎಂಬುದು ಮುಗಿಯಿತು. ಎರಡನೆಯ ನುಡಿ ಬಂತು. ಮೈದಾನದವರೆಲ್ಲ ಎದ್ದು ನಿಂತು ಒಟ್ಟಿಗೆ ಹಾಡತೊಡಗಿದರು:

ಮೆಟ್ಟಿಲ ತುದಿಯಲಿ ನಿಂತವಳೇ,
ಹದಿನೇಳನು ಇಪ್ಪತ್ತೆಂದವಳೇ,
ಕಡಿಮೆ ಬಿದ್ದ ಆ ಮೂರು ಜನ
ನೀನೇ, ನೀನೇ, ನೀನೇ.

ಹಲ್ಲಿನಕ್ಕನ ಕೈ ಬಾಯಿಗೆ ಹೋಯಿತು. ಹದಿನೇಳು. ಅವರಿಗೆ ಗೊತ್ತಿತ್ತು. ಮೊದಲ ದಿನವೇ ಗೊತ್ತಿತ್ತು, ಸಂಖ್ಯೆ ಸಮೇತ. ಬಲ್ಬಿನಾಚೆ ಅವರಿಗೆ ಎಲ್ಲ ಕಾಣುತ್ತಿತ್ತು, ಕಂಡೂ ಕೋಲು ಎತ್ತಿದ್ದರು. ಆಮೇಲೆ ಅದನ್ನೇ ಹಾಡು ಮಾಡಿ, ಅವಳು ಷಟರಿನ ಜೊತೆ ಗುದ್ದಾಡುತ್ತಿದ್ದ ಹೊತ್ತಿನಲ್ಲಿ ಮೂರು ವರ್ಷ ಹಾಡಿದ್ದರು. ಕೂತವರು ತಿರುಗಿ ನೋಡಿ ನಗುತ್ತಿದ್ದದ್ದು ಅದಕ್ಕೆ! ಅವಳಿಗೂ ಗೊತ್ತು ಎಂದೇ ಎಲ್ಲರೂ ತಿಳಿದಿದ್ದರು. ಮನೆಯಲ್ಲಿ ಹೇಳಬೇಕಾಗಿದ್ದವರು ಇಬ್ಬರು, ಒಬ್ಬರಿಗೆ ಕಿವಿ ಇಲ್ಲ, ಇನ್ನೊಬ್ಬರಿಗೆ ಎಚ್ಚರ ಇಲ್ಲ. ಊರಿಗೆಲ್ಲ ಬಾಯಿಪಾಠವಾದ ಸಾಲು ಅವಳೊಬ್ಬಳಿಗೆ ಗೊತ್ತಿರಲಿಲ್ಲ. ಆಣೆಯ ಕಥೆ ಬರೆದ ಪತ್ರಿಕೆಯವರು ಹಾಡು ಕೇಳಿದ್ದಾರೋ ಇಲ್ಲವೋ, ಆ ದೇವರಿಗೇ ಗೊತ್ತು.

ಯಜಮಾನರು ಹೆಂಡತಿಗೆ ದಿನಾ ಹಾಡಿ ತೋರಿಸುವುದು ಇದನ್ನೇ ಎಂದು ನೆನಪಾಗಿ ನಗು ಬಂತು. ನಗುತ್ತಾ ಅತ್ತಳು, ಅಳುತ್ತಾ ನಕ್ಕಳು. ಎದೆಯ ಮೇಲೆ ಎಂಟು ವರ್ಷದಿಂದ ಕೂತಿದ್ದ ಕಲ್ಲು ಇಳಿದು ಹೋಗಿ ಉಸಿರು ಪೂರ್ತಿ ಒಳಗೆ ಹೋಯಿತು. ಏನು ಹಗುರ!

ಗಂಡ ಅವಳ ಮುಖ ನೋಡಿ ಬಗ್ಗಿ, "ಇದೇನಾ ನೀನು ಹೇಳಿದ್ದು? ಇದಕ್ಕೇನಾ ನಿನ್ನೆಯೆಲ್ಲ ನನ್ನ ತಲೆ ತಿಂದಿದ್ದು?" ಎಂದು ಕಿವಿಯಲ್ಲಿ ಕೂಗಿದ. ಅವನಿಗೆ ಅವತ್ತು ನಿದ್ದೆ ಬಂದಿರಲಿಲ್ಲ. ಅಷ್ಟು ಸದ್ದಿಗೆ ಸತ್ತವರೂ ಎದ್ದು ಕೂರಬೇಕು.

ಐದನೆಯ ಹಾಡಿನ ಹೊತ್ತಿಗೆ ಅತ್ತೆ ಅವಳ ತೋಳು ಎಳೆದರು. ಹಲಗೆಯ ಅದುರು ಹೆಚ್ಚಾಗಿ ಮಂಡಿ ನೋಯುತ್ತಿತ್ತು. "ಸಾಕು ಕಣೇ, ಇವತ್ತು ಕಾಲು ತುಂಬಾ ಕೇಳಿಬಿಡ್ತು. ಮನೆಗೆ ಹೋಗೋಣ," ಎಂದರು. ಆಮೇಲೆ ಹಿಂದೆ ತಿರುಗಿ ನೋಡಿ, "ಎದ್ದು ಹೋದ್ರೆ ಆ ಮಕ್ಕಳಿಗೆ ಕಡಿಮೆ ಆಗಲ್ವಾ?" ಎಂದು ಹಿಂಜರಿದರು. ಗೋಡೌನಿನ ಕಾಲದಲ್ಲಿ ಅವರಿಗೆ ಎಷ್ಟೇ ನೋವಾದರೂ ಹಲ್ಲಿನಕ್ಕ ಏಳಗೊಡುತ್ತಿರಲಿಲ್ಲ. ಅದು ನೆನಪಾಗಿ ಅವಳಿಗೆ ಪಾಪವೆನಿಸಿತು. ಗಂಡನಿಗೆ ಪೂರ್ತಿ ಕೇಳಿ ಬರುವಂತೆ ಸನ್ನೆ ಮಾಡಿ, ಅತ್ತೆಯ ಕೈ ಹಿಡಿದು ಎದ್ದಳು. ಹೊಟ್ಟೆಕಿಚ್ಚು ಪೂರ್ತಿ ಹೋಯಿತೇ ಎಂದು ಕೇಳಬೇಡಿ. ಒಂದು ಚಿಟಿಕೆ ಉಳಿಯಿತು, ಅದು ಸಾಯುವವರೆಗೂ ಇರಲಿ.

ಗೇಟಿನ ಕಾವಲಿನವನು ತಡೆದ. "ಅಮ್ಮಾ, ಹೊರಗೆ ಹೋದ್ರೆ ಮತ್ತೆ ಒಳಗೆ ಬಿಡಲ್ಲ."

"ಒಳಗೆ ಎಷ್ಟು ಜನ ಇದ್ದಾರಪ್ಪಾ?"

"ಹನ್ನೆರಡು ಸಾವಿರದ ಮೇಲಿದ್ದಾರೆ."

"ಇಬ್ಬರು ಕಡಿಮೆ ಆದ್ರೆ ನಡೆಯುತ್ತಾ?"

ಅವನು ಇವಳನ್ನೊಮ್ಮೆ, ಕೈಚೀಲ ಹಿಡಿದ ಅತ್ತೆಯನ್ನೊಮ್ಮೆ ನೋಡಿ ನಕ್ಕ. "ನಡೆಯುತ್ತಮ್ಮಾ."

"ಹಾಡು ನಿಲ್ಲಿಸಿಬಿಡಲ್ಲ ತಾನೇ?"

"ಯಾಕೆ ನಿಲ್ಲಿಸ್ತಾರೆ? ನೀವು ಆರಾಮಾಗಿ ಹೋಗಿ."

ಹಿಂದೆ ಆರನೆಯ ಹಾಡು ಶುರುವಾಯಿತು. ಹಲ್ಲಿನಕ್ಕ ತಿರುಗಿ ನೋಡಲಿಲ್ಲ. ಅತ್ತೆಯ ಹೆಜ್ಜೆಗೆ ಹೆಜ್ಜೆ ಹಾಕುತ್ತಾ ಬಸ್ಸು ನಿಲ್ದಾಣದ ಕಡೆ ನಿಧಾನವಾಗಿ ನಡೆದಳು.